ಶಿಶುಸಹಿತ ತಾರಾದರ್ಶನ ಮೀಮಾಂಸೆ

ಪ್ರಾಚೀನರು ಶಾಸ್ತ್ರವೊಂದನ್ನು ಆರಂಭಿಸುವಾಗ ‘ಅಥ’ ಎಂಬ ಶಬ್ದವನ್ನು ಮೊದಲಿಗಿರಿಸಿ, ಅದಕ್ಕೆ ‘ಅನಂತರ’ವೆಂದು ಅರ್ಥಮಾಡಿ, ಯಾವುದರ ಅನಂತರವೆಂಬ ಪ್ರಶ್ನೆಯೊಂದರ ಮೇಲೆಯೇ ಪುಟಗಟ್ಟಲೆ ಭಾಷ್ಯ ಬರೆದಿರುವುದು ವಿದ್ವಜ್ಜನರಿಗೆ ವಿದಿತವೇ ಆಗಿದೆ. ಪ್ರಕೃತ ಶಾಸ್ತ್ರದ ಪ್ರಥಮ ಸೂತ್ರವಾದ ‘ಅಥಾತಸ್ತಾರಾಜಿಜ್ಞಾಸಾ’ ಎಂಬಲ್ಲಿಯೂ ಆ ಸಂಶಯ ತಪ್ಪಿದ್ದಲ್ಲ. ಊಟದ ಅನಂತರವೆಂದು ಕೆಲವರು, ಹಾಲು ಕುಡಿದ ಅನಂತರವೆಂದು ಮತ್ತೆ ಕೆಲವರು. ಆದರೆ ಐದು ವರ್ಷದ ಮೊಮ್ಮಗಳೊಡನೆ ಮಹಡಿ ಹತ್ತಿ, ಹತ್ತಿದ ಮರುಕ್ಷಣವೇ ಇಳಿದು, ಪುನಃ ಹತ್ತಿದ ಅನುಭವವುಳ್ಳ ಸಂಪ್ರದಾಯಜ್ಞರು ‘ಒಂದಕ್ಕೆ ಹೋಗಿ ಬಂದ ಅನಂತರ’ ಎಂಬ ಅರ್ಥವೇ ಸಾಧುವೆಂದು ನಿರ್ಣಯಿಸಿದ್ದಾರೆ.

ಇನ್ನು ಅಧಿಕಾರಿ ಯಾರು? 1986ರ ಮಾರ್ಚಿಯಲ್ಲಿ ಬೆಳಗಿನ ಜಾವ ಎದ್ದು, ಮೈಸೂರಿನ ಆಗ್ನೇಯ ದಿಗಂತದಲ್ಲಿ ಹ್ಯಾಲಿ ಧೂಮಕೇತುವನ್ನು ಕಂಡು, ಇನ್ನುಳಿದ ಆಯುಸ್ಸೆಲ್ಲ ಆಕಾಶಕ್ಕೇ ಮುಡಿಪೆಂದು ಪ್ರತಿಜ್ಞೆಗೈದು, ತರುವಾಯ ನೌಕರಿ, ಮದುವೆ, ಮನೆಸಾಲ ಎಂಬ ಮೂರು ಗ್ರಹಗಳ ಹಿಡಿತಕ್ಕೆ ಸಿಕ್ಕಿ, ಮೂರೂವರೆ ದಶಕ ತಲೆಯೆತ್ತದೆ ಇದ್ದವನೇ ಮುಖ್ಯಾಧಿಕಾರಿ. ಅವನ ದುರ್ಬೀನು ಹಳೆಯ ಪಂಚೆಯ ತುಂಡಿನಲ್ಲಿ ಸುತ್ತಿಕೊಂಡು ಅಟ್ಟದ ಮೇಲೆ ಅಷ್ಟೂ ಕಾಲ ಯೋಗನಿದ್ರೆಯಲ್ಲಿತ್ತು. ಇಳಿಸಿ ನೋಡಿದರೆ ಗಾಜಿನೊಳಗೆ ಜೇಡರ ಬಲೆಯ ಎಳೆಗಳಂತೆ ಬೂಷ್ಟು ಹಬ್ಬಿತ್ತು. ಮೊಮ್ಮಗಳು ಅದನ್ನು ಹಾಡುಹಗಲಲ್ಲೇ ಕಣ್ಣಿಗಿಟ್ಟು, “ತಾತ, ನಕ್ಷತ್ರ ಕಾಣಿಸ್ತು!” ಎಂದು ಘೋಷಿಸಿದಳು. ಧೂಮಕೇತು ಮರಳುವುದು 2061ಕ್ಕೆ. ಆಗಿನ ಮುಖ್ಯಾಧಿಕಾರಿ ಯಾರೆಂಬುದನ್ನು ವಿವರಿಸಬೇಕಾಗಿಲ್ಲ.

ತಮಃಪ್ರಕರಣವನ್ನು ಬೇಗನೆ ಮುಗಿಸೋಣ. ಕಣ್ಣು ಕತ್ತಲೆಗೆ ಪಳಗಲು 20ರಿಂದ 30 ನಿಮಿಷ ಬೇಕು. ಶಿಶುವಿನ ತಾಳ್ಮೆಯ ಪರಮಾವಧಿ 4 ನಿಮಿಷ. ಈ ವಿರೋಧವನ್ನು ತರ್ಕದಿಂದ ಪರಿಹರಿಸಲಾಗದು. ಕರೆಂಟು ಹೋದರೆ ತಾನಾಗಿಯೇ ಪರಿಹಾರವಾಗುವುದರಿಂದ, ಇದು ಅನುಗ್ರಹೈಕಸಾಧ್ಯವೆಂದು ತಿಳಿಯತಕ್ಕದ್ದು.

ಈಗ ಶಾಸ್ತ್ರದ ಹೃದಯಕ್ಕೆ ಬರೋಣ. ಸೂಕ್ಷ್ಮವಾದ ಅರುಂಧತಿಯನ್ನು ತೋರಿಸಬೇಕಾದವನು ಮೊದಲು ಅದರ ಸಮೀಪದ ಸ್ಥೂಲ ನಕ್ಷತ್ರವನ್ನು ತೋರಿಸಿ, ಅಲ್ಲಿಂದ ದೃಷ್ಟಿಯನ್ನು ಮೆಲ್ಲನೆ ಜಾರಿಸಬೇಕೆಂಬುದು ಅರುಂಧತೀದರ್ಶನ ನ್ಯಾಯ. ನನ್ನ ವಿವಾಹದಲ್ಲಿ ಈ ನ್ಯಾಯ ಪ್ರಯೋಗವಾದದ್ದು ಮಧ್ಯಾಹ್ನ ಹನ್ನೆರಡೂವರೆಗೆ. ಪುರೋಹಿತರು ನಮ್ಮಿಬ್ಬರನ್ನೂ ಛತ್ರದ ಹಿತ್ತಿಲಿಗೆ ಕರೆತಂದು, ಅಡಿಗೆಮನೆಯ ಹೊಗೆ ಏಳುತ್ತಿದ್ದ ದಿಕ್ಕಿಗೆ ಬೆರಳು ಚಾಚಿ, “ಅರುಂಧತಿ ಕಂಡಿತೇ?” ಎಂದರು. “ಕಂಡಿತು” ಎಂದು ಹೇಳಿ, ದಾಂಪತ್ಯದ ಪ್ರಥಮಾಸತ್ಯವನ್ನು ನಾವು ಜೊತೆಯಾಗಿಯೇ ನುಡಿದೆವು. ಈಗ ಈ ಬೇಸಿಗೆ ರಜೆಯಲ್ಲಿ, ಉತ್ತರದ ಆಕಾಶದಲ್ಲಿ ಸಪ್ತರ್ಷಿಗಳು ಎತ್ತರದಲ್ಲಿರುವಾಗ, ಆ ಋಣವನ್ನು ತೀರಿಸಬೇಕೆಂದು ನಿಶ್ಚಯಿಸಿ, ಚಾಪೆ ಹಾಸಿ, ಗಂಟಲು ಸರಿಪಡಿಸಿಕೊಂಡು, “ಅದೋ ವಸಿಷ್ಠ, ಅದರ ಪಕ್ಕದಲ್ಲಿ…” ಎಂದು ಉಪಕ್ರಮಿಸಿದೆ.

“ಎರಡಿದೆ!” ಎಂದಳು.

ಎರಡರ ನಡುವಣ ಅಂತರ 12 ಕಲೆ, ಅಂದರೆ ಒಂದು ಡಿಗ್ರಿಯ ಐದನೆಯ ಒಂದು ಭಾಗ. ಕನ್ನಡಕವನ್ನು ಮೇಲಕ್ಕೇರಿಸಿದೆ, ಕೆಳಕ್ಕಿಳಿಸಿದೆ, ಒರೆಸಿದೆ. ನನಗೆ ವಸಿಷ್ಠನೊಬ್ಬನೇ, ಅವನೂ ತುಸು ಊದಿಕೊಂಡವನಂತೆ ಕಂಡ. ಅವಳು ಎರಡೂ ಅಂಗೈಗಳಿಂದ ನನ್ನ ಗಲ್ಲವನ್ನು ಹಿಡಿದು ತಿರುಗಿಸಿ, “ಅಲ್ಲಲ್ಲ ತಾತ, ಆ ದೊಡ್ಡದಿದ್ಯಲ್ಲಾ, ಅದನ್ನ ನೋಡು. ಈಗ ಅದರ ಪಕ್ಕದಲ್ಲಿ ಚಿಕ್ಕದು” ಎಂದಳು. ಸ್ಥೂಲದಿಂದ ಸೂಕ್ಷ್ಮಕ್ಕೆ! ನ್ಯಾಯಶಾಸ್ತ್ರದ ಗಂಧವೂ ಇಲ್ಲದ ಬಾಲಿಕೆ ನ್ಯಾಯವನ್ನು ಅಕ್ಷರಶಃ ಪಾಲಿಸಿದ್ದಳು. ನಾನೂ ಶಿಷ್ಯಧರ್ಮವನ್ನು ಮೀರದೆ, ಅದೇ ನಕ್ಷತ್ರದ ವಿಷಯದಲ್ಲಿ ಜೀವನದ ಎರಡನೆಯ ಬಾರಿ, “ಕಂಡಿತು” ಎಂದೆ.

ಗುರುಪ್ರಕರಣದಲ್ಲಿಯೂ ಪರಿಸ್ಥಿತಿ ಸುಧಾರಿಸಲಿಲ್ಲ. ಮೋಟುಗೋಡೆಯ ಮೇಲೆ ದಿಂಬು, ದಿಂಬಿನ ಮೇಲೆ ದುರ್ಬೀನು. ಅದರ ಕೊಳವೆಗಳನ್ನು ಎಷ್ಟು ಹತ್ತಿರಕ್ಕೆ ಮಡಿಸಿದರೂ ಅವಳ ಕಣ್ಣುಗಳ ಅಂತರಕ್ಕೆ ಹೊಂದದ ಕಾರಣ, ಗಿಳಿಯಂತೆ ತಲೆಯೋರೆಮಾಡಿ ಒಂದೇ ಕಣ್ಣಿನಿಂದ ನೋಡಿ, “ಗುರು ಹತ್ರ ಮೂರು ಚುಕ್ಕಿ” ಎಂದಳು. ನಾಲ್ಕಿರಬೇಕೆಂದು ತಿದ್ದಲು ಬಾಯ್ದೆರೆದವನಿಗೆ, 1610ರ ಜನವರಿ 7ರಂದು ಗೆಲಿಲಿಯೋ ಮಹಾಶಯನಿಗೂ ಮೂರೇ ಕಂಡು, ನಾಲ್ಕನೆಯದು ಲೆಕ್ಕಕ್ಕೆ ಸೇರಿದ್ದು 13ರಂದು ಎಂಬುದು ನೆನಪಾಗಿ ಪೂರ್ವಪಕ್ಷವನ್ನು ನುಂಗಿಕೊಂಡೆ. ನನ್ನ ಎಣಿಕೆಗೆ ಸಿಕ್ಕವು ಎರಡೇ ಎಂಬುದನ್ನು ಈ ಗ್ರಂಥದಲ್ಲಿ ದಾಖಲಿಸುವ ಅಗತ್ಯ ಕಂಡುಬರುವುದಿಲ್ಲ.

“ನನ್ನ ನಕ್ಷತ್ರ ತೋರ್ಸು” ಎಂಬುದು ಮರುದಿನದ ಆಜ್ಞೆ. ಅವಳ ಜನ್ಮನಕ್ಷತ್ರ ಕೃತ್ತಿಕೆ. ತಿಂಗಳೋ ಮೇ, ಸೂರ್ಯನು ಕೃತ್ತಿಕೆಯಲ್ಲಿಯೇ ಬಿಡಾರ ಹೂಡಿ ಅದನ್ನು ಮರೆಮಾಡಿರುವ ಕಾಲ. ಸೂರ್ಯನು ಯಾವ ನಕ್ಷತ್ರದಲ್ಲಿ ನಿಂತು ಅದನ್ನು ಕಾಣದಂತೆ ಮಾಡುತ್ತಾನೋ ಅದರ ಹೆಸರಿನಿಂದಲೇ ನಮ್ಮ ರೈತರು ಮಳೆಯನ್ನು ಕರೆಯುವುದರಿಂದ, ಭರಣಿ, ಕೃತ್ತಿಕೆ, ರೋಹಿಣಿಗಳನ್ನು ಕನ್ನಡಿಗನು ಕತ್ತೆತ್ತಿ ನೋಡಿದ್ದಕ್ಕಿಂತ ತಲೆಯ ಮೇಲೆ ಸುರಿಸಿಕೊಂಡದ್ದೇ ಹೆಚ್ಚು. ಇದನ್ನೆಲ್ಲ ವಿವರಿಸಿ, ಪ್ರತಿನಿಧಿಯಾಗಿ ದಕ್ಷಿಣದಲ್ಲಿ ಕಿನ್ನರ ಮಂಡಲದ ಉಜ್ಜ್ವಲತಾರೆಯನ್ನು ತೋರಿಸಿದೆ: ದೂರ 4 ಜ್ಯೋತಿರ್ವರ್ಷಕ್ಕಿಂತ ಸ್ವಲ್ಪ ಹೆಚ್ಚು, ರಾತ್ರಿ ಬರಿಗಣ್ಣಿಗೆ ಕಾಣುವ ತಾರೆಗಳಲ್ಲಿ ಇವಳು ಹುಟ್ಟಿದ ಮೇಲೆ ಹೊರಟು ಬಂದ ಬೆಳಕು ಅದೊಂದರದೇ. “ಅದು ಬೇಡ, ನಂದೇ ಬೇಕು” ಎಂದಳು. ಪ್ರತಿನಿಧಿನ್ಯಾಯ ಶಿಶುಗಳಲ್ಲಿ ಪ್ರವರ್ತಿಸದು.

ಮಾನಪ್ರಕರಣ. ತೋಳನ್ನು ನೇರ ಚಾಚಿ ಹಿಡಿದ ಮುಷ್ಟಿಯ ಅಗಲ ಸುಮಾರು 10 ಡಿಗ್ರಿ. ಶಿಶುವಿನ ಮುಷ್ಟಿ ಚಿಕ್ಕದಾದ್ದರಿಂದ ಅಳತೆ ತಪ್ಪೀತೆಂಬ ಆಕ್ಷೇಪ ನಿಲ್ಲದು. ತೋಳೂ ಅಷ್ಟೇ ಮೋಟಾಗಿರುವುದರಿಂದ ಅವಳ ಮುಷ್ಟಿಯೂ ನನ್ನ ಮುಷ್ಟಿಯೂ ಆಕಾಶದಲ್ಲಿ ಸಮಾನ. ಮೈಸೂರಿನ ಅಕ್ಷಾಂಶ 12 ಡಿಗ್ರಿ ಚಿಲ್ಲರೆಯಾದ್ದರಿಂದ ಧ್ರುವನು ದಿಗಂತದಿಂದ ಒಂದು ಮುಷ್ಟಿ, ಮೇಲೆ ಒಂದೆರಡು ಬೆರಳಿನಷ್ಟು ಎತ್ತರದಲ್ಲಿರಬೇಕು. ಕ್ರತು, ಪುಲಹರನ್ನು ಕೂಡಿಸಿ ಗೆರೆಯೆಳೆದು, ಇಬ್ಬರೂ ಮುಷ್ಟಿ ಚಾಚಿ ಅಳೆದೆವು. ಲೆಕ್ಕ ಕೂದಲೆಳೆಯಷ್ಟೂ ತಪ್ಪದೆ ಪಕ್ಕದ ಮನೆಯ ಕಪ್ಪು ನೀರಿನ ಟ್ಯಾಂಕಿಗೆ ಮುಟ್ಟಿತು.

ಕಾಣದ ಧ್ರುವನ ಕಥೆಯನ್ನಾದರೂ ಹೇಳಬೇಕಾಯಿತು. ತಂದೆಯ ತೊಡೆಯೇರಹೋದ ಮಗುವನ್ನು ಚಿಕ್ಕತಾಯಿ ಸುರುಚಿ ಇಳಿಸಿದುದನ್ನೂ, ಅದು ಕಾಡಿಗೆ ಹೋಗಿ ತಪಸ್ಸುಮಾಡಿ ಅಚಲಪದವನ್ನು ಪಡೆದುದನ್ನೂ ಹೇಳಿ, ಆ ಅಚಲನೂ ನಿಜವಾದ ಧ್ರುವಬಿಂದುವಿನಿಂದ ಅರ್ಧ ಡಿಗ್ರಿಗೂ ಮಿಕ್ಕಿ ಸರಿದಿರುವನೆಂಬ, ಸುಮಾರು 26,000 ವರ್ಷಗಳ ಆವರ್ತನದಲ್ಲಿ ಆ ಪದವಿ ನಕ್ಷತ್ರದಿಂದ ನಕ್ಷತ್ರಕ್ಕೆ ವರ್ಗವಾಗುವುದೆಂಬ ಅಯನಚಲನ ತತ್ತ್ವಕ್ಕೆ ಪ್ರವೇಶಿಸುವಷ್ಟರಲ್ಲಿ, ನನ್ನ ತೊಡೆಯ ಮೇಲೆ ಮಲಗಿದ್ದವಳು ಕಣ್ಣುಮುಚ್ಚಿಕೊಂಡೇ ಕೇಳಿದಳು:

“ತೊಡೆ ಸಿಕ್ತಾ ಅವನಿಗೆ?”

(ಇಲ್ಲಿ ಎರಡು ಪಂಕ್ತಿಗಳಷ್ಟು ಗ್ರಂಥಪಾತ.)

…ಚಾಪೆ, ದಿಂಬು, ದುರ್ಬೀನು, ಶಿಶು ಎಂಬ ನಾಲ್ಕನ್ನೂ ಏಕಕಾಲದಲ್ಲಿ ಇಳಿಸಬೇಕಾದುದರಿಂದಲೂ, ಕೈಗಳು ಎರಡೇ ಆದುದರಿಂದಲೂ, ಅವುಗಳಲ್ಲೊಂದು ಮೆಟ್ಟಿಲಿನ ಕಂಬಿಯನ್ನು ಹಿಡಿಯಲೇಬೇಕಾದುದರಿಂದಲೂ, ಶಿಶುವೊಂದನ್ನು ಬಿಟ್ಟು ಉಳಿದುದೆಲ್ಲ ಮಹಡಿಯಲ್ಲಿಯೇ ನಿಂತಿತು. ಬೆಳಗಿನ ಜಾವ ನಾಲ್ಕಕ್ಕೆ ಕೃತ್ತಿಕೆ ಮಳೆ ಹೊಯ್ಯಿತು. ದಿಂಬು ಒಣಗಲು ಎರಡು ದಿನ ಬೇಕಾಯಿತು. ದುರ್ಬೀನಿನೊಳಗೆ ಇನ್ನೂ ನೀರಾಡುತ್ತಿದೆ. ಅಲ್ಲಾಡಿಸಿದರೆ ಸದ್ದು ಕೇಳಿಸುತ್ತದೆಂದು ಅವಳು ದಿನಕ್ಕೆರಡು ಬಾರಿ ಅಲ್ಲಾಡಿಸುತ್ತಾಳೆ.