ಬಚ್ಚಲ ಕನ್ನಡಿಯ ಇಂಗ್ಲಿಷು

"ಏನೋ ಇದು, ಬಚ್ಚಲ ಕನ್ನಡಿಗೂ ಚೀಟಿ ಅಂಟಿಸಿದೀಯ?"

"ಐಇಎಲ್‌ಟಿಎಸ್ ಅಪ್ಪಾ, ಕೆನಡಾಗೆ ಹೋಗೋಕೆ ಬರೀತಿರೋ ಇಂಗ್ಲಿಷ್ ಪರೀಕ್ಷೆ. 'ಪ್ಲೆಥೊರಾ', 'ಯುಬಿಕ್ವಿಟಸ್'... ಇಂಥವು ಇಲ್ಲದಿದ್ರೆ ಬ್ಯಾಂಡ್ ಸ್ಕೋರ್ ಏರಲ್ಲ ಅಂತಾರೆ ಕೋಚಿಂಗ್‌ನವರು."

"ಪರೀಕ್ಷೆಯವರು ಏನಂತಾರೆ?"

"ರೈಟಿಂಗ್‌ನಲ್ಲಿ ಪದಸಂಪತ್ತಿಗೆ ಕಾಲುಭಾಗ ಅಂಕ. ಮಿಕ್ಕಿದ್ದು ವಿಷಯ, ಜೋಡಣೆ, ವ್ಯಾಕರಣಕ್ಕೆ."

"ಆ ಮುಕ್ಕಾಲಿಗೆ ಏನು ಓದ್ತಿದೀಯ?"

"ಅದಕ್ಕೆ ಚೀಟಿ ಸಿಗಲ್ಲಪ್ಪಾ."

ಪ್ರಬಂಧ ತೋರಿಸಿದ. 40 ನಿಮಿಷ, ಕನಿಷ್ಠ 250 ಪದ, ವಿಷಯ ಟ್ರಾಫಿಕ್. ಮೊದಲ ಪ್ಯಾರಾದಲ್ಲೇ ಮೂರು ಪ್ಲೆಥೊರಾ. ಬಸ್ಸು ಮಾತ್ರ ಒಂದೂ ಇಲ್ಲ.

"ಪರಿಹಾರ ಎಲ್ಲೋ?"

"ಕೊನೇ ಪ್ಯಾರಾದಲ್ಲಿ ಬರಬೇಕಿತ್ತು. ಟೈಮ್ ಆಗೋಯ್ತು."

"ಹೋಗಲಿ, ಕೆನಡಾದಲ್ಲಿ ಬಾಡಿಗೆ ಮನೆಯನ್ನ ಈ ಇಂಗ್ಲಿಷಲ್ಲೇ ಕೇಳ್ತೀಯ?"

"ಓನರ್ ಪಂಜಾಬಿ ಅಪ್ಪಾ. ಹಿಂದಿ ಸಾಕಂತೆ."