ಪುಸ್ತಕದ ಬದನೆಕಾಯಿ

ಹಿಂದೆಲ್ಲ ಮೇಲಿನವರಿಗೆ ಬೆಣ್ಣೆ ಹಚ್ಚುತ್ತಿದ್ದರು. ಆಮೇಲೆ ಬೆಣ್ಣೆ ತುಟ್ಟಿಯಾಯಿತೋ ಏನೋ, ಸೋಪು ಹಾಕತೊಡಗಿದರು. ಈಗಿನ ಹುಡುಗರು ನೇರವಾಗಿ ಬಕೆಟ್ಟನ್ನೇ ಹಿಡಿಯುತ್ತಾರೆ. ಸಾಮಗ್ರಿ ಬದಲಾಯಿತು, ಹಚ್ಚಿಸಿಕೊಳ್ಳುವ ಮೈ ಮಾತ್ರ ಅದೇ.

ಈ ವಿದ್ಯೆಯಲ್ಲಿ ನನಗೆ ಓದಿನ ಬಲ ಚೆನ್ನಾಗಿದೆ, ಕನ್ನಡ ಎಂ.ಎ. ಮಾಡಿದವನು. 10ನೇ ಶತಮಾನದಲ್ಲೇ ಪಂಪ ತನ್ನ ದೊರೆ ಅರಿಕೇಸರಿಯನ್ನು ಅರ್ಜುನನೊಡನೆ ಸಮೀಕರಿಸಿ ಭಾರತವನ್ನೇ ಬರೆದ. ಧರ್ಮಪುರವೆಂಬ ಅಗ್ರಹಾರ ಪಡೆದ. ರನ್ನನ ಕೈಯಲ್ಲಿ ಸತ್ಯಾಶ್ರಯ ಭೀಮನಾದ. ಅವರದು ಮಹಾಕಾವ್ಯ, ಹೊಗಳಿಕೆ ಅದರ ಒಗ್ಗರಣೆ. ನಮ್ಮ ಕಚೇರಿಯಲ್ಲಿ ಒಗ್ಗರಣೆಯೊಂದೇ. ಸಿಗುವುದೂ ಅಗ್ರಹಾರವಲ್ಲ, ಎರಡು ದಿನದ ಸಿ.ಎಲ್. ನನಗೆ ಅದೂ ಸಿಗುತ್ತಿರಲಿಲ್ಲ.

ಪಕ್ಕದ ಸೀಟಿನ ಎಫ್‌ಡಿಎಗೆ ಸಿಗುತ್ತಿತ್ತು. ಆಗಿನ ಸಾಹೇಬರು ಉಡುಪಿ ಕಡೆಯವರು. ಅವರ ಮುಂದೆ ಈತ ಮಟ್ಟುಗುಳ್ಳದ ಮಾತೆತ್ತುತ್ತಿದ್ದ. ‘ವಾದಿರಾಜರು ಕೊಟ್ಟ ಬೀಜವಂತೆ ಸಾರ್! ಜಿಐ ಟ್ಯಾಗ್ ಬೇರೆ ಸಿಕ್ಕಿದೆ. ಬದನೆ ಅಂದ್ರೆ ಗುಳ್ಳ. ಮಿಕ್ಕಿದ್ದೆಲ್ಲ ಬರೀ ಕಾಯಿ!’ ಸಾಹೇಬರ ಮುಖ ಗುಳ್ಳದಷ್ಟೇ ದುಂಡಗಾಗುತ್ತಿತ್ತು. ಪೆನ್ನು ತಾನಾಗಿ ರಜೆ ಅರ್ಜಿಯ ಮೇಲೆ ಓಡುತ್ತಿತ್ತು.

ನಾನೂ ಆ ಮಾತನ್ನು ಬಾಯಿಪಾಠ ಮಾಡಿದೆ. ಕನ್ನಡಿಯ ಮುಂದೆ ನಿಂತು ಒಪ್ಪಿಸಿ ನೋಡಿದೆ. ಧೈರ್ಯ ಬರುವಷ್ಟರಲ್ಲಿ ಸಾಹೇಬರಿಗೆ ವರ್ಗವಾಯಿತು. ಆದರೇನು, ಹೊಸ ಸಾಹೇಬರಿಗೂ ನಾಲಗೆ ಇರುತ್ತದಲ್ಲ? ಅರ್ಜಿ ಹಿಡಿದು ಹೋಗಿ ಗುಳ್ಳಸ್ತೋತ್ರವನ್ನು ಒಂದಕ್ಷರ ಬಿಡದೆ ಒಪ್ಪಿಸಿದೆ. ಅವರು ಕನ್ನಡಕ ತೆಗೆದರು.

‘ಏನ್ರೀ, ನಮ್ಮ ಮೈಸೂರಿನ ಈರನಗೆರೆ ಬದನೆ ತಿಂದಿದೀರಾ?’

‘ಇಲ್ಲ ಸಾರ್.’

‘ಮತ್ತೆ, ಮಿಕ್ಕಿದ್ದೆಲ್ಲ ಬರೀ ಕಾಯಿ ಅಂತೀರಿ! ಆಡಿಟ್ ಇದೆ, ರಜೆಗಿಜೆ ಇಲ್ಲ.’

ನಾನು ಹೊರಗೆ ಬರುವಾಗ ಅವನು ಒಳಗೆ ಹೋಗುತ್ತಿದ್ದ. ಕೈಯಲ್ಲಿ ಬದನೆಕಾಯಿಯ ಚೀಲ. ‘ಈರನಗೆರೆ ಮುಂದೆ ಗುಳ್ಳ ಯಾವ ಲೆಕ್ಕ ಸಾರ್!’ ಎಂಬ ದನಿ ಬಾಗಿಲಾಚೆಗೂ ಕೇಳಿಸಿತು.

ಸಂಜೆ ಕ್ಯಾಂಟೀನಿನಲ್ಲಿ ಹಿಡಿದುಕೊಂಡೆ. ‘ಅಲ್ಲ ಕಣಯ್ಯ, ಹೋದ ತಿಂಗಳು ಗುಳ್ಳವನ್ನು ಹೊಗಳಿದವನು ನೀನೇ ಅಲ್ಲವೇ?’

‘ಗುರುವೇ, ನಾನು ರಜೆ ಕೇಳೋದು ಸಾಹೇಬರನ್ನ, ಬದನೆಕಾಯೀನಲ್ಲ. ಅವರ ಊರು ಯಾವುದು ಅಂತ ಮೊದಲು ಡಫೇದಾರನ್ನ ಕೇಳ್ಕೋಬೇಕು. ನಿಮ್ಮದು ಪುಸ್ತಕದ ಬದನೆಕಾಯಿ.’

ಅರಮನೆಯ ವಿದೂಷಕರ ಹಳೆಯ ಕಥೆಯಲ್ಲೂ ಹೆಚ್ಚುಕಡಿಮೆ ಇದೇ ಉತ್ತರವಿದೆ. ಅದನ್ನು ಓದಿದವನು ನಾನು, ಬಳಸಿದವನು ಅವನು.

ಹಿರಿತನದ ಪಟ್ಟಿಯ ದಯೆಯಿಂದ ಹೋದ ವರ್ಷ ನಾನೇ ಸೂಪರಿಂಟೆಂಡೆಂಟ್ ಆದೆ. ಅಂದಿನಿಂದ ‘ಗುರುವೇ’ ಹೋಗಿ ‘ಸಾರ್’ ಬಂತು. ಮೊನ್ನೆ ಅವನು ಬರಿಗೈಯಲ್ಲಿ ಬಂದು ನಿಂತ. ‘ಸಾರ್, ನಿಮ್ಮ ಹಾಗೆ ಪಂಪನನ್ನ ಬಿಡಿಸಿ ಹೇಳೋರು ಈ ಜಿಲ್ಲೇಲೇ ಇಲ್ಲ ಬಿಡಿ!’

ಪಂಪ ಎಂದರೆ ಬಾವಿಗೆ ಇಳಿಬಿಡುವ ಪಂಪು ಎಂದುಕೊಂಡ ಆಸಾಮಿ ಅವನು. ಅವನು ಹೇಳಿದ್ದು ಹಸಿ ಸುಳ್ಳು ಎಂದು ನನಗೆ ಗೊತ್ತಿತ್ತು. ನನಗೆ ಗೊತ್ತಿದೆಯೆಂದು ಅವನಿಗೂ ಗೊತ್ತಿತ್ತು. ಆದರೂ ಅರ್ಧ ಗಂಟೆ ಪಂಪನ ಬಗ್ಗೆ ಮಾತಾಡಿದೆ. ಅವನು ಅಲುಗದೆ ಕೇಳಿದ.

ಅರ್ಜಿಯಲ್ಲಿ ಎರಡು ದಿನ ರಜೆ ಕೇಳಿದ್ದ. ಮೂರು ಎಂದು ತಿದ್ದಿ ಸಹಿ ಹಾಕಿದೆ.