ನಿಷ್ಠೆಯ ವಡೆ

(ಮದ್ದೂರು ಬಸ್ ನಿಲ್ದಾಣ. ಮಳವಳ್ಳಿ ಬಸ್ಸಿಗೆ ಕಾಯುತ್ತಿರುವ ಇಬ್ಬರು ಮೇಷ್ಟ್ರು.)

"ಏನ್ ಸಾ, ನಿಮ್ ಜೇಬು ಮಾತಾಡ್ತಾ ಅದೆ?"

"ಟ್ರೈನಿಂಗು ಕಣಪ್ಪ. 2020ರಲ್ಲಿ ನಮ್ ಮೇಷ್ಟ್ರುಗಳ ನಿಷ್ಠಾ ತರಬೇತಿ ದೀಕ್ಷಾ ಆ್ಯಪಿಗೆ ಬಂತಲ್ಲ, ಆವತ್ತಿಂದ ಹಿಂಗೇ. ವಿಡಿಯೊ ಓಡ್ತದೆ, ನಾನು ವಡೆ ತಿಂತೀನಿ."

(ಬಿಸಿ ಮದ್ದೂರು ವಡೆ ಬಿಟ್ಟು ಪರದೆ ನೋಡೋರು ಯಾರು, ಹೇಳಿ!)

"ವಿಷಯ ಏನು ಸಾ?"

"ಮಕ್ಕಳ ಗಮನ ಹಿಡಿಯೋದು ಹೆಂಗೆ ಅಂತ."

"ಕೊನೇಲಿ ಪ್ರಶ್ನೆ ಕೇಳ್ತಾರಲ್ಲ?"

"ಉತ್ತರ ವಾಟ್ಸಾಪ್ ಗ್ರೂಪಿಗೆ ಬೆಳಿಗ್ಗೇನೇ ಬಂದದೆ. ಹುಡುಗ್ರು ಕಾಪಿ ಹೊಡೆದ್ರೆ ಮಾತ್ರ ಬಿಡಾಕಿಲ್ಲ!"

"ಮಕ್ಕಳಿಗೆ ಪಾಠದ ಪುಸ್ತಕದ ಕ್ಯೂಆರ್ ಕೋಡ್ ತೋರಿಸಿದ್ರಾ?"

"ತೋರಿಸ್ದೆ. 'ಇದಕ್ಕೆ ಎಷ್ಟು ದುಡ್ಡು ಹಾಕ್ಬೇಕು ಸಾ' ಅಂದ್ಳು ಒಬ್ಳು."

"ಸ್ಮಾರ್ಟ್ ಬೋರ್ಡು?"

"ಕರೆಂಟಿದ್ರೆ ಪಾಸ್‌ವರ್ಡ್ ಕೇಳ್ತದೆ. ಅದು ಗೊತ್ತಿದ್ದ ಮೇಡಮ್ಮು ಮಂಡ್ಯಕ್ಕೆ ವರ್ಗ ಆದ್ರು."